ನಿಂತೇ ಸೊರಗುವ ಬೈಕ್

ಡಿಸೆಂಬರ್ ಕಾಲಿಟ್ಟಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. "ಬೆಳಗ್ಗೆ ಚಳಿಗೆ ಬೈಕ್ ಸ್ಟಾರ್ಟ್ ಆಗ್ತಿಲ್ಲ. ಸೆಲ್ಫ್ ಒತ್ತಿದ್ರೆ ಕಟಕಟ ಅನ್ನುತ್ತೆ, ಅಷ್ಟೆ. ಬ್ಯಾಟರಿ ಹೋಗಿದೆ ಅಂತಾರೆ. ಹೊಸದು ಹಾಕಿಸ್ಲಾ?" ವಿನೋಬನಗರದವರು ಕೇಳುತ್ತಾರೆ, ಗೋಪಾಳದವರು ಕೇಳುತ್ತಾರೆ. ಭದ್ರಾವತಿಯ ನ್ಯೂಟೌನ್, ಜನ್ನಾಪುರ, ಕಾಗದನಗರದ ಕಡೆಯಿಂದಂತೂ ಇನ್ನೂ ಹೆಚ್ಚು. ಎಲ್ಲರ ಪತ್ರದಲ್ಲೂ ತಪ್ಪಿತಸ್ಥ ಒಬ್ಬನೇ: ಚಳಿ. ಈ ವಾರ ಚಳಿಯ ಪರವಾಗಿ ವಾದ ಮಾಡುತ್ತೇನೆ. ನಮ್ಮ ಊರಿನ ಚಳಿಗೆ ಒಂದು ಒಳ್ಳೆಯ ಬ್ಯಾಟರಿಯನ್ನು ಮಲಗಿಸುವ ಶಕ್ತಿ ಇಲ್ಲ. ಬ್ಯಾಟರಿ ಕೆಡುವುದು ಬೇಸಿಗೆಯಲ್ಲಿ ಮತ್ತು ಮಳೆಗಾಲದಲ್ಲಿ. ಅದು ನಮಗೆ ಗೊತ್ತಾಗುವುದು ಮಾತ್ರ ಡಿಸೆಂಬರಿನಲ್ಲಿ.

ಚಳಿ ಏನೂ ಮಾಡುವುದಿಲ್ಲ ಎಂದಲ್ಲ. ಬ್ಯಾಟರಿಯೊಳಗೆ ವಿದ್ಯುತ್ ಹುಟ್ಟುವುದು ರಾಸಾಯನಿಕ ಕ್ರಿಯೆಯಿಂದ, ಮತ್ತು ತಣ್ಣಗಾದಷ್ಟೂ ಆ ಕ್ರಿಯೆ ನಿಧಾನವಾಗುತ್ತದೆ. ನಮ್ಮ ದೇಶದಲ್ಲಿ ಬ್ಯಾಟರಿಯ ಸಾಮರ್ಥ್ಯವನ್ನು ಅಳೆಯುವುದು 27 ಡಿಗ್ರಿ ಉಷ್ಣಾಂಶದಲ್ಲಿ. ಅಲ್ಲಿಂದ ಕೆಳಗಿಳಿದಂತೆ ಒಂದೊಂದು ಡಿಗ್ರಿಗೂ ಹೆಚ್ಚುಕಡಿಮೆ ಶೇಕಡಾ ಒಂದರಷ್ಟು ಸಾಮರ್ಥ್ಯ ತಗ್ಗುತ್ತದೆ. ಶಿವಮೊಗ್ಗ, ಭದ್ರಾವತಿಯಲ್ಲಿ ಡಿಸೆಂಬರ್-ಜನವರಿಯ ಬೆಳಗಿನ ಜಾವ 15 ಡಿಗ್ರಿ ಆಸುಪಾಸಿಗೆ ಬರುತ್ತದೆ, ಕೆಲವು ದಿನ ಇನ್ನೂ ಸ್ವಲ್ಪ ಕೆಳಗೆ. ಅಂದರೆ ಹತ್ತು-ಹನ್ನೆರಡು ಪರ್ಸೆಂಟ್ ನಷ್ಟ. ಇದರ ಜೊತೆ ಎಂಜಿನ್ ಆಯಿಲ್ ಗಟ್ಟಿಯಾಗಿ, ಎಂಜಿನ್ ತಿರುಗಿಸಲು ಸ್ಟಾರ್ಟರ್ ಮೋಟರು ಇನ್ನಷ್ಟು ಬಲ ಹಾಕಬೇಕಾಗುತ್ತದೆ. 20ಡಬ್ಲ್ಯೂ-50 ಆಯಿಲ್ ಹಾಕಿಸಿರುವ ಹಳೆಯ ಬುಲೆಟ್ಟಿನಲ್ಲಿ ಇದು ಕೈಗೇ ಗೊತ್ತಾಗುತ್ತದೆ, 10ಡಬ್ಲ್ಯೂ-30 ಇರುವ ನೂರು ಸಿಸಿ ಬೈಕಿನಲ್ಲಿ ಗೊತ್ತೂ ಆಗುವುದಿಲ್ಲ. ಎರಡನ್ನೂ ಕೂಡಿಸಿದರೂ ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಒಂದೇ ಒತ್ತಿಗೆ ಎಂಜಿನ್ ಎಬ್ಬಿಸಬೇಕು. ಲಡಾಖಿನ ಲೇಹ್‌ನಲ್ಲಿ ಪಾದರಸ ಸೊನ್ನೆಯಿಂದ ಎಷ್ಟೋ ಕೆಳಗಿಳಿದಾಗ ಪೂರ್ತಿ ಇಳಿದುಹೋದ ಬ್ಯಾಟರಿಯ ಆ್ಯಸಿಡ್ ಹೆಪ್ಪುಗಟ್ಟಿ ಡಬ್ಬಿಯೇ ಸೀಳಬಹುದು. ಆ ಚಳಿ ಬೇರೆ, ತುಂಗೆಯ ಮೇಲೆ ಮಂಜು ಕವಿಯುವ ನಮ್ಮ ಚಳಿ ಬೇರೆ.

ಹಾಗಾದರೆ ಡಿಸೆಂಬರಿನಲ್ಲೇ ಏಕೆ? ಹಿಂದಿನ ತಿಂಗಳುಗಳನ್ನು ನೋಡಿ. ಮಾರ್ಚ್‌ನಿಂದ ಮೇವರೆಗೆ ಬೈಕ್ ಬಿಸಿಲಿನಲ್ಲಿ ನಿಂತಿರುತ್ತದೆ. ಸೀಟಿನ ಕೆಳಗೆ, ಪಕ್ಕದ ಮುಚ್ಚಳದೊಳಗೆ ಗಾಳಿಯಾಡದ ಜಾಗದಲ್ಲಿ ಬ್ಯಾಟರಿ ಬೇಯುತ್ತಿರುತ್ತದೆ. ಸುಮಾರು ಹತ್ತು ಡಿಗ್ರಿ ಶಾಖ ಹೆಚ್ಚಿದರೆ ಸೀಸದ ಬ್ಯಾಟರಿಯ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಬ್ಯಾಟರಿ ಎಂಜಿನಿಯರುಗಳು ಬಹುಕಾಲದಿಂದ ನಂಬಿ ನಡೆಯುವ ಲೆಕ್ಕ. ಆದರೆ ಬೇಸಿಗೆಯಲ್ಲಿ ಆಯಿಲ್ ತೆಳು, ರಾಸಾಯನಿಕ ಕ್ರಿಯೆ ಚುರುಕು. ಒಳಗೆ ಸವೆದಿದ್ದರೂ ಬೈಕ್ ಸಲೀಸಾಗಿ ಏಳುತ್ತದೆ, ಸವೆತ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಜೂನ್. ಮಳೆ ಹಿಡಿಯಿತೆಂದರೆ ಬೈಕ್ ಮೂಲೆ ಸೇರುತ್ತದೆ, ಜನ ಬಸ್ಸು, ಆಟೋ, ಕಾರು ಹಿಡಿಯುತ್ತಾರೆ. ತೀರ್ಥಹಳ್ಳಿ, ಹೊಸನಗರದ ಕಡೆ ತೋಟ ಇಟ್ಟುಕೊಂಡು ಶಿವಮೊಗ್ಗದಲ್ಲಿ ಮನೆ ಮಾಡಿದವರ ಬೈಕುಗಳು ತಿಂಗಳುಗಟ್ಟಲೆ ಟಾರ್ಪಾಲಿನ ಕೆಳಗೇ ಇರುತ್ತವೆ. ಬ್ಯಾಟರಿಗೆ ಮಾರಕವಾದದ್ದು ಈ ನಿಲುಗಡೆ.

ನಿಂತರೆ ಏನಾಗುತ್ತದೆ ಎಂದು ತಿಳಿಯಲು ಡಬ್ಬಿಯ ಒಳಗೆ ಸ್ವಲ್ಪ ಇಣುಕಬೇಕು. ನಮ್ಮ ಬೈಕಿನಲ್ಲಿರುವುದು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದ ಸೀಸ-ಆಮ್ಲದ ಬ್ಯಾಟರಿಯೇ. ಡಬ್ಬಿಯ ರೂಪ ಬದಲಾಗಿದೆ, ತತ್ವ ಬದಲಾಗಿಲ್ಲ. ಒಂದು ಬಗೆಯ ತಟ್ಟೆ ಸೀಸದ್ದು, ಇನ್ನೊಂದು ಸೀಸದ ಡೈಆಕ್ಸೈಡಿನದು, ನಡುವೆ ನೀರು ಬೆರೆಸಿದ ಗಂಧಕಾಮ್ಲ. ನಾವು ಕರೆಂಟ್ ಎಳೆದುಕೊಂಡಂತೆಲ್ಲ ಎರಡೂ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ತೆಳ್ಳಗಾಗುತ್ತದೆ. ಚಾರ್ಜ್ ಮಾಡಿದಾಗ ಸಲ್ಫೇಟ್ ಕರಗಿ ಹಿಂದಿನ ಸ್ಥಿತಿಗೆ ಬರುತ್ತದೆ. ಇದು ದಿನನಿತ್ಯದ ವ್ಯವಹಾರ, ಇದರಿಂದ ತೊಂದರೆಯಿಲ್ಲ. ಆದರೆ ಅರೆಬರೆ ಇಳಿದ ಬ್ಯಾಟರಿಯನ್ನು ಹಾಗೇ ವಾರಗಟ್ಟಲೆ ಬಿಟ್ಟರೆ, ಮೆತ್ತಗಿದ್ದ ಸಲ್ಫೇಟ್ ದಪ್ಪ ಹರಳಾಗುತ್ತದೆ. ಬಚ್ಚಲಮನೆಯ ಹಂಡೆಯೊಳಗೆ ಗಡಸು ನೀರಿನ ಹೊಪ್ಪಳೆ ಕಟ್ಟಿಕೊಂಡ ಹಾಗೆ ತಟ್ಟೆಗೆ ಅಂಟಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಅದು ಪೂರ್ತಿ ಕರಗುವುದಿಲ್ಲ. ತಟ್ಟೆಯ ಅಷ್ಟು ಭಾಗ ಕೆಲಸಕ್ಕೆ ಬಾರದಂತಾಗುತ್ತದೆ. 5 ಆಂಪಿಯರ್-ಅವರ್ ಎಂದು ಬರೆದಿರುವ ಬ್ಯಾಟರಿ ಒಳಗೊಳಗೇ ಮೂರೋ ಎರಡೋ ಆಗಿಬಿಟ್ಟಿರುತ್ತದೆ.

ಭದ್ರಾವತಿಯಿಂದ ಹೆಚ್ಚು ಪತ್ರ ಬರುವುದಕ್ಕೆ ಕಾರಣವೂ ಇಲ್ಲೇ ಇದೆ ಎಂದು ನನ್ನ ಅನಿಸಿಕೆ. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ, ಇವೆರಡನ್ನೂ ನಂಬಿ ಬೆಳೆದ ಊರದು. ಮೂರು ಪಾಳಿಯಲ್ಲಿ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಮನೆಯ ಗಾಡಿಗೆ ಬಿಡುವೇ ಇರಲಿಲ್ಲ, ಸೈಕಲ್ಲಾಗಲಿ ಮೊಪೆಡ್ ಆಗಲಿ ಬೈಕಾಗಲಿ. ಕಾಗದದ ಕಾರ್ಖಾನೆ ಎಂಪಿಎಂ ಬಾಗಿಲು ಹಾಕಿತು, ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್‌ನಲ್ಲಿ ಕೆಲಸಗಾರರ ಸಂಖ್ಯೆ ಕರಗುತ್ತ ಬಂತು, ಮಕ್ಕಳು ಬೆಂಗಳೂರಿಗೋ ಇನ್ನೂ ದೂರಕ್ಕೋ ಹೋದರು. ಮಗ ಕಾಲೇಜಿಗೆಂದು ಕೊಂಡಿದ್ದ ಬೈಕ್ ಮಾತ್ರ ಮನೆಯ ಮುಂದಿನ ಶೀಟಿನ ಕೆಳಗೆ ಉಳಿಯಿತು. ಅಪ್ಪನಿಗೆ ಅದನ್ನು ಮಾರಲು ಮನಸ್ಸಿಲ್ಲ, ಓಡಿಸಲು ಮೊಣಕಾಲು ಬಿಡುವುದಿಲ್ಲ. ದೀಪಾವಳಿಗೋ ಸಂಕ್ರಾಂತಿಗೋ ಮಗ ಬಂದು ಸೆಲ್ಫ್ ಒತ್ತುತ್ತಾನೆ, ಕಟಕಟ. ಶಂಕರಘಟ್ಟದ ವಿಶ್ವವಿದ್ಯಾಲಯದ ಹಾಸ್ಟೆಲುಗಳ ಮುಂದೆ ರಜೆಯುದ್ದಕ್ಕೂ ನಿಲ್ಲುವ ಬೈಕುಗಳದೂ ಇದೇ ಕಥೆ.

ಕೀಲಿ ತೆಗೆದು ನಿಲ್ಲಿಸಿದ ಬೈಕಿನಲ್ಲಿ ಕರೆಂಟ್ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕೋಣ. ಬ್ಯಾಟರಿ ತನ್ನಷ್ಟಕ್ಕೆ ತಿಂಗಳಿಗೆ ಮೂರರಿಂದ ಐದು ಪರ್ಸೆಂಟ್ ಸೋರುತ್ತದೆ. ಸೆಖೆಯಲ್ಲಿ ಇನ್ನೂ ಹೆಚ್ಚು. ಡಿಜಿಟಲ್ ಮೀಟರಿನ ಗಡಿಯಾರ ಮತ್ತು ಎಂಜಿನ್ ಕಂಪ್ಯೂಟರಿನ ನೆನಪು ಸೇರಿ ಬರೀ 1 ಮಿಲಿ ಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಂಡರೂ ತಿಂಗಳಿಗೆ 0.72 ಆಂಪಿಯರ್-ಅವರ್ ಆಯಿತು. ಮಳೆಗಾಲದ ಮೂರು ತಿಂಗಳಿಗೆ ಎರಡನ್ನೂ ಸೇರಿಸಿದರೆ 5 ಆಂಪಿಯರ್-ಅವರ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಖಾಲಿ. ಕಳ್ಳತನದ ಭಯಕ್ಕೆ ಹೊರಗಿನಿಂದ ಜಿಪಿಎಸ್ ಸಾಧನವನ್ನೋ ಅಲಾರಮ್ಮನ್ನೋ ಹಾಕಿಸಿದ್ದು, ಅದು 10 ಮಿಲಿ ಆಂಪಿಯರ್ ಎಳೆಯುವಂಥದ್ದಾದರೆ ಇಪ್ಪತ್ತು ದಿನಕ್ಕೇ ಬ್ಯಾಟರಿ ಬರಿದು. ಬೈಕ್ ಕಾಯಲು ತಂದ ಯಂತ್ರ ಬೈಕಿನ ಉಸಿರನ್ನೇ ತೆಗೆದ ಉದಾಹರಣೆಗಳನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ.

ಇದಕ್ಕೆ ಮನೆಮನೆಯಲ್ಲೂ ಒಂದು ಮದ್ದು ಚಾಲ್ತಿಯಲ್ಲಿದೆ: "ದಿನಾ ಬೆಳಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡ್ತೀನಿ." ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ದಯವಿಟ್ಟು ನಿಲ್ಲಿಸಿ ಎಂದು ಕೈಮುಗಿದು ಕೇಳುತ್ತೇನೆ. ಸೆಲ್ಫ್ ಒತ್ತಿದ ಆ ಒಂದೆರಡು ಸೆಕೆಂಡಿನಲ್ಲಿ ಸ್ಟಾರ್ಟರ್ ಮೋಟರು ಹತ್ತಾರು ಆಂಪಿಯರ್ ಎಳೆಯುತ್ತದೆ. ಎಂಜಿನ್ ನಿಂತಲ್ಲೇ ಗುನುಗುತ್ತಿರುವಾಗ ಮ್ಯಾಗ್ನೆಟ್ ಕಾಯಿಲ್ ಕೊಡುವ ಕರೆಂಟ್ ಬಹಳ ಕಡಿಮೆ. ಅದರ ಮೇಲೆ 2017ರ ಏಪ್ರಿಲಿನಿಂದ ಬಂದ ಎಲ್ಲ ದ್ವಿಚಕ್ರ ವಾಹನಗಳಲ್ಲೂ ಎಂಜಿನ್ ಶುರುವಾದ ಕೂಡಲೇ ಹೆಡ್‌ಲೈಟ್ ಹತ್ತಿಕೊಳ್ಳುತ್ತದೆ, ಆರಿಸಲು ಸ್ವಿಚ್ಚೇ ಇಲ್ಲ. ಐದು ನಿಮಿಷದಲ್ಲಿ ತೆಗೆದದ್ದು ವಾಪಸ್ ಬರುವುದು ಅನುಮಾನ. ಹಾನಿ ಬ್ಯಾಟರಿಗೆ ಮಾತ್ರವಲ್ಲ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾಯುವ ಮೊದಲೇ ಆಫ್ ಮಾಡಿದರೆ ಆ ನೀರು ಸೈಲೆನ್ಸರಿನೊಳಗೂ ಆಯಿಲಿನೊಳಗೂ ಉಳಿದುಬಿಡುತ್ತದೆ. ಮಲೆನಾಡಿನ ತೇವದಲ್ಲಿ ಸೈಲೆನ್ಸರ್ ಒಳಗಿನಿಂದಲೇ ತುಕ್ಕು ತಿಂದು ತೂತಾಗುವುದು ಹೀಗೆ.

ಸ್ಟಾರ್ಟ್ ಮಾಡುವುದಾದರೆ ಓಡಿಸಬೇಕು. ಎಷ್ಟು ದೂರ ಎಂದರೆ ನಮ್ಮಲ್ಲಿ ಹೇಳಿ ಮಾಡಿಸಿದಂಥ ಅಳತೆಯೊಂದಿದೆ. ಶಿವಮೊಗ್ಗದಿಂದ ಬಿ.ಎಚ್. ರಸ್ತೆ ಹಿಡಿದು ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ದಾಟಿ ಭದ್ರಾವತಿ ಮುಟ್ಟಿ ಬಂದರೆ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರ್. ಎಂಜಿನ್ ಪೂರಾ ಬಿಸಿಯಾಗುತ್ತದೆ, ಆಯಿಲಿನಲ್ಲಿದ್ದ ನೀರು ಆವಿಯಾಗಿ ಹೋಗುತ್ತದೆ, ಬ್ಯಾಟರಿಗೂ ನೆಟ್ಟಗೆ ಒಂದು ಗಂಟೆ ಚಾರ್ಜ್ ಸಿಗುತ್ತದೆ. ಹದಿನೈದು ದಿನಕ್ಕೊಮ್ಮೆ ಇಷ್ಟು ಮಾಡಿದರೆ ಸಾಕು. ದಿನವೂ ಓಡುವ ಬೈಕುಗಳ ಬ್ಯಾಟರಿ ಕೂಡ ಕೆಲವೊಮ್ಮೆ ಸೊರಗುವುದು ಇಂಥ ಒಂದು ಉದ್ದದ ಓಟ ಸಿಗದೆ. ದುರ್ಗಿಗುಡಿಯಿಂದ ಗಾಂಧಿ ಬಜಾರು, ಅಲ್ಲಿ ಆಫ್, ಮತ್ತೆ ಸೆಲ್ಫ್, ಗೋಪಿ ಸರ್ಕಲ್ಲು, ಮತ್ತೆ ಆಫ್. ಇಡೀ ದಿನ ಓಡಾಡಿದರೂ ತೆಗೆದದ್ದೇ ಹೆಚ್ಚು, ತುಂಬಿದ್ದು ಕಡಿಮೆ.

ಇನ್ನು "ಬ್ಯಾಟರಿ ಹೋಗಿದೆ" ಎನ್ನುವ ತೀರ್ಪಿನ ವಿಚಾರ. ಭದ್ರಾವತಿಯ ಹಳೆಯ ವೈರಿಂಗ್ ಮೆಕ್ಯಾನಿಕ್ ಒಬ್ಬರ ಅಂಗಡಿಯಲ್ಲಿ ಹೋದ ಚಳಿಗಾಲ ಕೂತಿದ್ದೆ. ನಿವೃತ್ತರೊಬ್ಬರು ಮಗನ ಬೈಕನ್ನು ತಳ್ಳಿಕೊಂಡು ಬಂದರು. ಬೇರೆಲ್ಲೋ ಬ್ಯಾಟರಿ ಬದಲಿಸಿ ಅಂದಿದ್ದರಂತೆ. "ನೋಡಪ್ಪಾ, ಹೊಸದೇ ಹಾಕ್ಬಿಡು, ಮಗ ನಾಳೆ ಬರ್ತಾನೆ" ಅಂದರು. ಮೆಕ್ಯಾನಿಕ್ "ತಡೀರಿ ಯಜಮಾನ್ರೆ, ಮೊದ್ಲು ನೋಡಾಣ" ಎಂದು ಮಲ್ಟಿಮೀಟರ್ ತೆಗೆದರು. ಬ್ಯಾಟರಿಯ ಎರಡು ತುದಿಗೆ ಮೀಟರಿನ ಕಡ್ಡಿ ಇಟ್ಟಾಗ 12.5 ವೋಲ್ಟ್. ಸೆಲ್ಫ್ ಒತ್ತಲು ಹೇಳಿದರು. ಕಟಕಟ ಸದ್ದು ಬಂತು, ಆದರೆ ಮೀಟರು 11.5ರ ಕೆಳಗೆ ಇಳಿಯಲೇ ಇಲ್ಲ. ಬ್ಯಾಟರಿ ನಿಜವಾಗಿ ಸತ್ತಿದ್ದರೆ ಅದು ಒಂಬತ್ತರ ಕೆಳಗೆ ಕುಸಿಯಬೇಕಿತ್ತು. ಅವರು ತಲೆಯಾಡಿಸಿ, ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿನಲ್ಲೇ ಬಿಟ್ಟು ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿದರು. ಮತ್ತೆ ಸೆಲ್ಫ್. ಈಗ ಮೀಟರಿನಲ್ಲಿ ಎರಡು ವೋಲ್ಟಿನ ಮೇಲೆ. ಅಲ್ಲಿ ಸೊನ್ನೆಯ ಹತ್ತಿರ ಇರಬೇಕಿತ್ತು. ಮೈನಸ್ ವೈರು ಫ್ರೇಮಿಗೆ ಸೇರುವ ಬೋಲ್ಟ್ ಬಿಚ್ಚಿದರೆ ವಾಷರಿನ ಅಡಿಯಲ್ಲಿ ಹಸಿರು-ಬಿಳಿ ಪುಡಿ, ಅದರ ಕೆಳಗೆ ತುಕ್ಕು. ಸ್ಯಾಂಡ್ ಪೇಪರಿನಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿದರು. ಬೈಕ್ ಮೊದಲನೇ ಒತ್ತಿಗೇ ಎದ್ದಿತು. "ಬ್ಯಾಟರಿ ಚೆನ್ನಾಗೇ ಐತಿ ಯಜಮಾನ್ರೆ, ಅರ್ತಿಂಗ್ ಹೋಗಿತ್ತು" ಎಂದು ಅವರು ತಗೊಂಡದ್ದು ಕೂಲಿ ಮಾತ್ರ. ಮಳೆಗಾಲ ಇಂಥ ಕಡೆ ಕೈಯಾಡಿಸಿ ಹೋಗಿರುತ್ತದೆ. ಈ ಪರೀಕ್ಷೆಗೆ ಬೇಕಾದದ್ದು ಹತ್ತು ನಿಮಿಷ. ಅಷ್ಟು ಹೊತ್ತು ಕೊಡದೆ ಹೊಸ ಬ್ಯಾಟರಿ ಮಾರುವ ಅಂಗಡಿಯವರ ಮೇಲೆ ನನಗೆ ಸಿಟ್ಟಿದೆ. ಪಿಂಚಣಿಯ ಹಣದಿಂದ ಸಾವಿರಗಟ್ಟಲೆ ಎಣಿಸಿ ಕೊಡುವವರಿಗೆ ಅಷ್ಟು ಸಮಯವಾದರೂ ಸಲ್ಲಬೇಕು.

ಡಿಜಿಟಲ್ ಮಲ್ಟಿಮೀಟರ್ ಈಗ ಕೆಲವೇ ನೂರು ರೂಪಾಯಿಗೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಬೈಕ್ ಇರುವ ಮನೆಯಲ್ಲಿ ಒಂದಿರಲಿ. ರಾತ್ರಿಯಿಡೀ ನಿಂತ ಬೈಕಿನ ಬ್ಯಾಟರಿ ಬೆಳಗ್ಗೆ 12.7 ತೋರಿಸಿದರೆ ತುಂಬಿದೆ ಎಂದರ್ಥ, 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ರ ಕೆಳಗೆ ಹೋದರೆ ಅದು ಹಸಿದಿದೆ, ಅವತ್ತೇ ಚಾರ್ಜಿಗೆ ಹಾಕಿಸಿ. ಬೈಕ್ ಸ್ಟಾರ್ಟ್ ಮಾಡಿ ರೇಸ್ ಏರಿಸಿದಾಗ 14ರ ಆಸುಪಾಸಿಗೆ ಬರಬೇಕು. ಬರದಿದ್ದರೆ ಚಾರ್ಜಿಂಗ್ ಕಾಯಿಲ್ಲೋ ಆರ್‌ಆರ್ ಯೂನಿಟ್ಟೋ (ಕರೆಂಟನ್ನು ಹದಗೊಳಿಸಿ ಬ್ಯಾಟರಿಗೆ ಕಳಿಸುವ ರೆಗ್ಯುಲೇಟರ್-ರೆಕ್ಟಿಫೈಯರ್) ಕೈಕೊಟ್ಟಿದೆ, ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ. 15 ದಾಟಿದರೆ ಅದೂ ಆರ್‌ಆರ್ ಯೂನಿಟ್ಟಿನ ದೋಷವೇ, ಹೊಸ ಬ್ಯಾಟರಿಯನ್ನೂ ಅದು ಒಣಗಿಸಿ ಹಾಕುತ್ತದೆ. ಮೀಟರು ಇಲ್ಲದವರಿಗೆ ಕಿವಿ ಇದೆ. ಸೆಲ್ಫ್ ಒತ್ತಿದಾಗ ಕಟಕಟ ಎಂದರೆ ಅಥವಾ ಎಂಜಿನ್ ನರಳುತ್ತಾ ನಿಧಾನಕ್ಕೆ ತಿರುಗಿದರೆ ಬ್ಯಾಟರಿ ಇಲ್ಲವೇ ವೈರಿನ ಜೋಡಣೆ. ಎಂಜಿನ್ ಜೋರಾಗಿ, ಚುರುಕಾಗಿ ತಿರುಗುತ್ತಿದ್ದೂ ಹಿಡಿಯುತ್ತಿಲ್ಲ ಎಂದರೆ ಬ್ಯಾಟರಿಯನ್ನು ಬಿಟ್ಟುಬಿಡಿ, ತೊಂದರೆ ಪೆಟ್ರೋಲಿನದೋ ಪ್ಲಗ್ಗಿನದೋ.

ಮೊದಲೆಲ್ಲ ಇಷ್ಟು ತಲೆನೋವು ಇರಲಿಲ್ಲವಲ್ಲ ಎನ್ನುವ ಹಿರಿಯರ ಮಾತು ಸರಿಯೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿಗೆ ಗೇರ್ ಹಾಕುವ ಕಡ್ಡಿಯೇ ಮೇಲಕ್ಕೆ ತಿರುಗಿ ಕಿಕ್ಕರ್ ಆಗುತ್ತಿತ್ತು. 1985ರಲ್ಲಿ ಬಂದ ಆರ್‌ಎಕ್ಸ್ 100ಗೆ ಬ್ಯಾಟರಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಿಕ್ ಹೊಡೆದಾಗ ತಿರುಗುವ ಮ್ಯಾಗ್ನೆಟ್ಟೇ ಪ್ಲಗ್ಗಿನ ಕಿಡಿಗೆ ಬೇಕಾದ ಕರೆಂಟನ್ನು ಹುಟ್ಟಿಸುತ್ತಿತ್ತು. ಬ್ಯಾಟರಿಗೆ ಉಳಿದ ಕೆಲಸ ಹಾರ್ನು, ಇಂಡಿಕೇಟರು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದಮೇಲೆ ಬಹುತೇಕ ಎಲ್ಲ ಬೈಕುಗಳಲ್ಲೂ ಕಾರ್ಬರೇಟರಿನ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಕೂತಿದೆ. ಟ್ಯಾಂಕಿನೊಳಗಿನ ಪಂಪು, ಇಂಜೆಕ್ಟರು, ಎಂಜಿನ್ ಕಂಪ್ಯೂಟರು, ಎಲ್ಲಕ್ಕೂ ಬ್ಯಾಟರಿಯೇ ಆಧಾರ. ಕೀಲಿ ತಿರುಗಿಸಿದಾಗ ಒಂದೆರಡು ಸೆಕೆಂಡು ಸಣ್ಣಗೆ ಗುಂಯ್ ಎನ್ನುವುದು ಆ ಪಂಪು ಒತ್ತಡ ಕಟ್ಟುತ್ತಿರುವ ಸದ್ದು. ಅದು ನಿಲ್ಲುವ ತನಕ ಕಾದು ಆಮೇಲೆ ಸೆಲ್ಫ್ ಒತ್ತುವುದು ಚಳಿಗಾಲದಲ್ಲಿ ಒಳ್ಳೆಯ ಅಭ್ಯಾಸ. ಕಿಕ್ಕರ್ ಕೂಡ ಒಂದೊಂದೇ ಮಾದರಿಯಿಂದ ಮಾಯವಾಗುತ್ತಿದೆ. 2021ರಲ್ಲಿ ಬಂದ ಹೊಸ ಕ್ಲಾಸಿಕ್ 350ಯಲ್ಲೇ ಕಿಕ್ಕರ್ ಇಲ್ಲ ಎಂದಮೇಲೆ ಬೇರೆಯವರ ಮಾತೇಕೆ? ಇಂಜೆಕ್ಷನ್ನಿನಿಂದ ಹೊಗೆ ಕಡಿಮೆಯಾಗಿದೆ, ಮೈಲೇಜು ಹದವಾಗಿದೆ, ಚಳಿಯಲ್ಲಿ ಚೋಕ್ ಎಳೆಯುವ ಕೆಲಸ ತಪ್ಪಿದೆ. ಅದನ್ನೆಲ್ಲ ಒಪ್ಪುತ್ತೇನೆ. ಆದರೆ ರಾತ್ರಿ ಮಂಡಗದ್ದೆಯ ಕಾಡಿನ ರಸ್ತೆಯಲ್ಲಿ ಬ್ಯಾಟರಿ ಕೂತರೆ ಏನು ಗತಿ ಎಂದು ಯೋಚಿಸಿದಾಗ, ಒಂದಿಷ್ಟು ತೂಕ ಹೆಚ್ಚಾದರೂ ಕಿಕ್ಕರ್ ಇರಬೇಕಿತ್ತು ಎಂದೇ ನನಗನಿಸುತ್ತದೆ.

ತಳ್ಳಿ ಸ್ಟಾರ್ಟ್ ಮಾಡುವ ವಿದ್ಯೆಯೂ ಇದರೊಂದಿಗೆ ಅರ್ಧ ಸತ್ತಿದೆ. ಕಾರ್ಬರೇಟರಿನ ಬೈಕನ್ನು ಎರಡನೇ ಗೇರಿನಲ್ಲಿ ತಳ್ಳಿ ಕ್ಲಚ್ ಬಿಟ್ಟರೆ ಏಳುತ್ತಿತ್ತು. ಇಂಜೆಕ್ಷನ್ ಬೈಕಿನಲ್ಲಿ ಬ್ಯಾಟರಿ ಸ್ವಲ್ಪವಾದರೂ ಉಸಿರಾಡುತ್ತಿದ್ದರೆ ಮಾತ್ರ ಇದು ಫಲಿಸೀತು. ಮೀಟರಿನ ದೀಪವೇ ಹತ್ತದಿದ್ದರೆ ತಳ್ಳಿ ಬೆವರುವುದು ವ್ಯರ್ಥ. ಗೇರಿಲ್ಲದ ಸ್ಕೂಟರನ್ನು ಗುಡ್ಡದಿಂದ ಇಳಿಸಿದರೂ ಎಂಜಿನ್ ತಿರುಗುವುದಿಲ್ಲ. ಇನ್ನೊಂದು ಬೈಕಿನ ಬ್ಯಾಟರಿಯಿಂದ ವೈರು ಎಳೆದು ಎಬ್ಬಿಸಬಹುದು. ಎರಡೂ 12 ವೋಲ್ಟಿನವಾಗಿರಬೇಕು, ಕೊಡುವ ಗಾಡಿಯ ಎಂಜಿನ್ ಆಫ್ ಇರಬೇಕು. ಕೆಂಪು ತುದಿ ಕೆಂಪಿಗೆ, ಕಪ್ಪು ತುದಿಯನ್ನು ಕೊನೆಗೆ ಎಂಜಿನ್ನಿನ ಲೋಹಕ್ಕೆ. ಅದಲುಬದಲಾದರೆ ಆರ್‌ಆರ್ ಯೂನಿಟ್ಟಿನಿಂದ ಹಿಡಿದು ಎಂಜಿನ್ ಕಂಪ್ಯೂಟರಿನವರೆಗೆ ಯಾವುದು ಬೇಕಾದರೂ ಸುಡಬಹುದು.

ನಿಂತ ಬೈಕಿನ ಪೆಟ್ರೋಲಿನ ಬಗ್ಗೆ ಎರಡು ಮಾತು. ಹಳೆಯ ಕಾರ್ಬರೇಟರ್ ಬೈಕು ತಿಂಗಳುಗಟ್ಟಲೆ ನಿಂತರೆ ಬೌಲಿನಲ್ಲಿದ್ದ ಪೆಟ್ರೋಲ್ ಆವಿಯಾಗಿ ಅಂಟು ಉಳಿಯುತ್ತದೆ. ಸ್ಲೋ ಜೆಟ್ಟಿನ ರಂಧ್ರ ಕೂದಲೆಳೆಯಷ್ಟು ಸಣ್ಣದು, ಅದು ಮುಚ್ಚಿಹೋದರೆ ನೂರು ಕಿಕ್ ಹೊಡೆದರೂ ಬೈಕ್ ಏಳುವುದಿಲ್ಲ. ನಿಲ್ಲಿಸುವ ಮೊದಲು ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ಆರುವವರೆಗೆ ಓಡಲು ಬಿಟ್ಟರೆ ಈ ರಗಳೆಯೇ ಇಲ್ಲ. ಟ್ಯಾಂಕ್ ಅರೆಖಾಲಿ ಬಿಡಬೇಡಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ-20 ಪೆಟ್ರೋಲ್ ಈಗ ನಮ್ಮ ಬಂಕುಗಳಲ್ಲೂ ಬಂದಿದೆ. ಅದರಲ್ಲಿರುವ ಎಥನಾಲಿಗೆ ಗಾಳಿಯ ತೇವ ಹೀರುವ ಗುಣವಿದೆ. ಖಾಲಿ ಜಾಗ ಹೆಚ್ಚಿದ್ದಷ್ಟೂ ಮಲೆನಾಡಿನ ಒದ್ದೆ ಗಾಳಿ ಒಳಗೆ ಹೆಚ್ಚು. ನೀರು ಮಿತಿಮೀರಿದರೆ ಎಥನಾಲ್ ಅದರ ಜೊತೆ ಸೇರಿ ಟ್ಯಾಂಕಿನ ತಳಕ್ಕಿಳಿಯುತ್ತದೆ, ಪಂಪು ಮೊದಲು ಹೀರುವುದು ಆ ತಳದ್ದನ್ನೇ. ತುಂಬಿದ ಟ್ಯಾಂಕಿಗೆ ತುಕ್ಕಿನ ಭಯವೂ ಇಲ್ಲ. ಅಂದಹಾಗೆ, ಏರ್ ಫಿಲ್ಟರಿನೊಳಗೆ ಇಲಿ ಗೂಡು ಕಟ್ಟಿದ್ದನ್ನೂ ಸೈಲೆನ್ಸರಿನ ಬಾಯಿಗೆ ಕಣಜ ಮಣ್ಣು ಮೆತ್ತಿದ್ದನ್ನೂ ಇಲ್ಲಿನ ಮೆಕ್ಯಾನಿಕ್‌ಗಳು ಕಂಡೇ ಇರುತ್ತಾರೆ. ಬಹಳ ದಿನ ನಿಂತ ಬೈಕನ್ನು ಎಬ್ಬಿಸುವ ಮೊದಲು ಆ ಎರಡು ಕಡೆ ಟಾರ್ಚ್ ಬಿಟ್ಟು ನೋಡುವುದು ಒಳ್ಳೆಯದು.

ಇನ್ನು ಬ್ಯಾಟರಿಯನ್ನು ಕಾಯುವ ಬಗೆ. ಒಂದು ತಿಂಗಳಿಗಿಂತ ಹೆಚ್ಚು ಬೈಕ್ ಮುಟ್ಟುವುದಿಲ್ಲ ಎಂದಾದರೆ ಬ್ಯಾಟರಿಯ ಕಪ್ಪು ವೈರು ಬಿಚ್ಚಿಡಿ. ಒಂದು ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಕೀಲಿ ಆಫ್ ಇರಲಿ, ಬಿಚ್ಚುವಾಗ ಕಪ್ಪು ಮೊದಲು, ಹಾಕುವಾಗ ಕಪ್ಪು ಕೊನೆಗೆ. ಗಡಿಯಾರದ ಹೊತ್ತು ಅಳಿಸಿಹೋಗಬಹುದು, ಅದಕ್ಕೆ ಹೆದರಬೇಕಿಲ್ಲ. ಇಷ್ಟರಿಂದಲೇ ಗಡಿಯಾರ, ಜಿಪಿಎಸ್, ಅಲಾರಮ್ಮಿನ ಸೋರಿಕೆ ನಿಂತುಬಿಡುತ್ತದೆ. ನಿಲ್ಲಿಸುವ ದಿನ ಬ್ಯಾಟರಿ ತುಂಬಿರಬೇಕು, ಇದು ಎಲ್ಲಕ್ಕಿಂತ ಮುಖ್ಯ. ಹಸಿದ ಬ್ಯಾಟರಿಯ ವೈರು ಬಿಚ್ಚಿಟ್ಟರೂ ಸಲ್ಫೇಟ್ ಗಟ್ಟಿಯಾಗುವುದು ತಪ್ಪುವುದಿಲ್ಲ. ಇನ್ನೂ ದೀರ್ಘಕಾಲಕ್ಕಾದರೆ ಬ್ಯಾಟರಿಯನ್ನೇ ತೆಗೆದು ಮನೆಯೊಳಗೆ ತೇವವಿಲ್ಲದ, ಬಿಸಿಲು ಬೀಳದ ಜಾಗದಲ್ಲಿಡಿ. ಸಿಮೆಂಟ್ ನೆಲದ ಮೇಲಿಟ್ಟರೆ ಕರೆಂಟ್ ನೆಲಕ್ಕೆ ಇಳಿಯುತ್ತದೆ ಎಂಬ ಮಾತನ್ನು ಈಗಲೂ ಕೇಳುತ್ತೇನೆ. ಅದು ಹಿಂದಿನ ಕಾಲದ ರಬ್ಬರ್ ಡಬ್ಬಿಗಳ ಮಾತು, ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಅನ್ವಯಿಸುವುದಿಲ್ಲ. ಹಲಗೆಯ ಮೇಲಿಟ್ಟರೆ ತಪ್ಪೇನೂ ಇಲ್ಲ, ಅಡಿಯಲ್ಲಿ ತೇವ ನಿಲ್ಲದು.

ಎರಡು ತಿಂಗಳಿಗೊಮ್ಮೆಯಾದರೂ ಚಾರ್ಜ್ ಹಾಕಬೇಕು. ಇಲ್ಲೇ ಬಹಳಷ್ಟು ಬ್ಯಾಟರಿಗಳು ಹಾಳಾಗುವುದು. ಊರಿನ ಬ್ಯಾಟರಿ ಅಂಗಡಿಗಳಲ್ಲಿ ಕಾರು, ಟ್ರ್ಯಾಕ್ಟರು, ಲಾರಿಯ ಬ್ಯಾಟರಿಗಳ ಸಾಲಿನಲ್ಲೇ ಬೈಕಿನದನ್ನೂ ಸೇರಿಸಿ ರಾತ್ರಿಯಿಡೀ ಬಿಡುವ ರೂಢಿ ಇದೆ. ಟ್ರ್ಯಾಕ್ಟರಿನ ಬ್ಯಾಟರಿಗೆ ಹದವಾದ ಕರೆಂಟು ಬೈಕಿನ ಬ್ಯಾಟರಿಯನ್ನು ಕುದಿಸುತ್ತದೆ. ಮೊದಲಿನ ನೀರು ಹಾಕುವ ಬ್ಯಾಟರಿಯಾದರೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ತುಂಬಿಸಿ ಸರಿಮಾಡಿಕೊಳ್ಳಬಹುದಿತ್ತು. ಈಗಿನ ಸೀಲ್ ಮಾಡಿದ ಬ್ಯಾಟರಿಯಲ್ಲಿ ಒಳಗಿನ ಗಾಜಿನ ನಾರಿನ ಹಾಸು ಹೀರಿಕೊಂಡ ಆಮ್ಲವಷ್ಟೇ ಇರುತ್ತದೆ. ಅದರಲ್ಲಿನ ನೀರು ಅನಿಲವಾಗಿ ಕವಾಟದಿಂದ ಹೊರಹೋದರೆ ಮತ್ತೆ ತುಂಬುವ ದಾರಿಯಿಲ್ಲ. ಸಾಮರ್ಥ್ಯದ ಹತ್ತನೇ ಒಂದು ಪಾಲು ಕರೆಂಟು ಎಂಬುದು ನೆನಪಿಡಬೇಕಾದ ಲೆಕ್ಕ: 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್. ಅಂಗಡಿಯಲ್ಲಿ "ಅಣ್ಣಾ, ಎಷ್ಟು ಆಂಪ್ಸಲ್ಲಿ ಹಾಕ್ತೀರಿ?" ಎಂದು ಕೇಳಿ. ಕೇಳುವವರಿದ್ದಾರೆ ಎಂದು ಗೊತ್ತಾದರೆ ಅವರೂ ಬೇರೆಯಾಗಿ ಹಾಕುತ್ತಾರೆ. ಬ್ಯಾಟರಿ ತುಂಬಿದ ಕೂಡಲೇ ತಾನೇ ಕರೆಂಟು ತಗ್ಗಿಸಿಕೊಳ್ಳುವ ಸಣ್ಣ ಸ್ಮಾರ್ಟ್ ಚಾರ್ಜರುಗಳು ಈಗ ಸಿಗುತ್ತವೆ. ಚಳಿಯ ದೇಶಗಳಲ್ಲಿ ಬೈಕನ್ನು ಇಡೀ ಚಳಿಗಾಲ ಷೆಡ್ಡಿಗೆ ಸೇರಿಸುವವರು ಇಂಥದ್ದನ್ನು ಹಚ್ಚಿಟ್ಟು ವಸಂತದವರೆಗೆ ಬ್ಯಾಟರಿ ಕಾಪಾಡುತ್ತಾರೆ. ಅವರಿಗೆ ಡಿಸೆಂಬರಿನಲ್ಲಿ ಬೇಕಾದದ್ದು ನಮಗೆ ಜೂನ್‌ನಲ್ಲಿ ಬೇಕು. ಮಗನ ಬೈಕನ್ನು ಕಾಯುತ್ತಿರುವ ಮನೆಗಳಿಗೆ ಒಂದು ಹೊಸ ಬ್ಯಾಟರಿಗಿಂತ ಇಂಥ ಚಾರ್ಜರಿಗೆ ಹಣ ಹಾಕುವುದು ಮೇಲು.

ಲಿಥಿಯಂ ಬ್ಯಾಟರಿ ಹಾಕಿಸಲೇ ಎಂದು ಶಿವಮೊಗ್ಗದ ಯುವಕರೊಬ್ಬರು ಕೇಳಿದ್ದಾರೆ. ಹಗುರ, ನಿಂತಾಗ ಸೋರುವುದೂ ಕಡಿಮೆ, ನಿಜ. ಬೆಲೆ ಹಲವು ಪಟ್ಟು ಹೆಚ್ಚು, ಅದಕ್ಕೆ ಹೊಂದುವ ಚಾರ್ಜರೇ ಬೇಕು, ಬೈಕಿನ ಚಾರ್ಜಿಂಗ್ ವೋಲ್ಟೇಜ್ ಕಟ್ಟುನಿಟ್ಟಾಗಿರಬೇಕು. ದಿನಬಳಕೆಯ ನೂರು-ನೂರೈವತ್ತು ಸಿಸಿ ಬೈಕಿಗೆ ಸದ್ಯಕ್ಕೆ ಬೇಡ ಎನ್ನುತ್ತೇನೆ.

ಎಲ್ಲ ಪರೀಕ್ಷೆ ಮುಗಿದು ಹೊಸ ಬ್ಯಾಟರಿಯೇ ಬೇಕು ಎಂದಾದರೆ, ಡಬ್ಬಿಯ ಮೇಲೆ ಅಚ್ಚು ಹಾಕಿರುವ ತಯಾರಿಕೆಯ ತಿಂಗಳನ್ನು ಓದಿಸಿಕೊಳ್ಳಿ. ಅಂಗಡಿಯ ಕಪಾಟಿನಲ್ಲಿ ವರ್ಷ ಕಳೆದ ಬ್ಯಾಟರಿಯೂ ನಿಂತ ಬೈಕಿನ ಬ್ಯಾಟರಿಯಂತೆಯೇ ಸೊರಗಿರುತ್ತದೆ. ಹಣ ಕೊಡುವ ಮೊದಲು ಮೀಟರು ಹಿಡಿಸಿ, 12.6ರ ಕೆಳಗಿದ್ದರೆ ಚಾರ್ಜ್ ಮಾಡಿ ಕೊಡಿ ಎನ್ನಿ. ಹಳೆಯದನ್ನು ಗುಜರಿಗೆ ಹಾಕಬೇಡಿ, ಹಿತ್ತಲಲ್ಲೂ ಬಿಡಬೇಡಿ. ಅದರ ಸೀಸ ಮಕ್ಕಳ ಮಿದುಳಿಗೆ ವಿಷ, ಅದರ ಆಮ್ಲ ಬಾವಿಯ ನೀರಿಗೆ ಇಳಿಯುತ್ತದೆ. ತಯಾರಕರು ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಹೊಸದು ಕೊಂಡ ಅಂಗಡಿಗೇ ಹಳೆಯದನ್ನು ಕೊಡಿ. ಸೀಸಕ್ಕೆ ಬೆಲೆಯಿದೆ, ಅಷ್ಟನ್ನು ಅವರು ಹೊಸ ಬ್ಯಾಟರಿಯ ದರದಲ್ಲಿ ಇಳಿಸಬೇಕು. ಆ ಕಡಿತವನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.